ತೊಂಬತ್ತಾರು ಬೇಕೆಂದವರು

ಎಷ್ಟು ವರ್ಷ ಬದುಕಬೇಕು ಅಂತ ಯಾರನ್ನಾದರೂ ಕೇಳಿ ನೋಡಿ, ನೇರ ಉತ್ತರ ಸಿಗುವುದಿಲ್ಲ. ಕೈಕಾಲು ಗಟ್ಟಿ ಇರುವ ತನಕ, ಇನ್ನೊಬ್ಬರಿಗೆ ಹೊರೆಯಾಗದ ತನಕ, ದೇವರು ಕೊಟ್ಟಷ್ಟು ಎಂದು ಏನಾದರೊಂದು ಹೇಳಿ ಜಾರಿಕೊಳ್ಳುತ್ತಾರೆ. ನಾನೂ ಹಾಗೇ ಜಾರಿಕೊಳ್ಳುವವಳು. ನಾನು ಕಂಡವರಲ್ಲಿ ಒಬ್ಬರು ಮಾತ್ರ ಕೂಡಿಸಿ ಕಳೆದು ಒಂದು ಅಂಕಿ ಹೇಳಿದ್ದರು. ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ, ಸಂತೆಯಲ್ಲಿ ಬದನೆಕಾಯಿ ಕೇಳುವ ಧಾಟಿಯಲ್ಲಿ, "ನನಗ ತೊಂಬತ್ತಾರು ಬೇಕ್ರಿ" ಅಂದಿದ್ದರು. ಅವರು ಹೋಗಿ ಈಗ ಒಂದು ವರ್ಷವಾಯಿತು. ತೊಂಬತ್ತಾರಕ್ಕೆ ಇನ್ನೂ ಮೂವತ್ತೇಳು ಬಾಕಿ ಇತ್ತು.

ಫೋಂಡಾ ಹತ್ತಿರದ ಒಂದು ಔಷಧ ಕಾರ್ಖಾನೆಗೆ ನಾನು ಸೇರಿದ್ದು ಎರಡು ಸಾವಿರದ ಮೂರರಲ್ಲಿ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ, ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ಗೋವಾಕ್ಕೆ ಬಂದವಳು. ಮುಂದೆ ತೊಂಬತ್ತಾರು ಬೇಕೆಂದ ಅವರ ಕೈಕೆಳಗೇ ನನ್ನನ್ನು ಹಾಕಿದರು. ಅವರದೂ ಧಾರವಾಡದ ಕಡೆಯೇ ಅಂತ ಗೊತ್ತಾದಾಗ ನನಗೆ ಎಷ್ಟು ಖುಷಿಯಾಗಿತ್ತೋ, ಸಂಜೆಯ ಹೊತ್ತಿಗೆ ಅಷ್ಟೇ ಸಿಟ್ಟು ಬಂದಿತ್ತು. ಒಂದು ಗುಳಿಗೆಯನ್ನು ನೋಡಿ ರಿಜಿಸ್ಟರಿನಲ್ಲಿ 'ಓಕೆ' ಎಂದು ಬರೆದಿದ್ದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದನ್ನು ಓದಿದರು.

"ಓಕೆ ಅಂದ್ರ ಏನ್ರಿ ಅಕ್ಕಾರ? ಬಣ್ಣ ಹೆಂಗೈತಿ, ಅಂಚು ಹೆಂಗೈತಿ, ವಾಸನಿ ಬರತೈತೋ ಇಲ್ಲೋ, ಅದನ್ನ ಬರೀರಿ. ಓಕೆ ಅನ್ನೂದು ನಿಮ್ಮ ಅಭಿಪ್ರಾಯ. ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ."

ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ಮತ್ತು ಆ ಗೌರವದ ಜೊತೆಗೇ ಬೈಯುತ್ತಿದ್ದರು. ತಪ್ಪಾಗಿ ಬರೆದದ್ದನ್ನು ನಾನು ಬಿಳಿ ಬಣ್ಣ ಹಚ್ಚಿ ಮುಚ್ಚಿದಾಗಂತೂ ಆ ಬಾಟಲಿಯನ್ನೇ ಕಸದ ಬುಟ್ಟಿಗೆ ಹಾಕಿದರು. ನಮ್ಮ ಕೆಲಸದಲ್ಲಿ ತಪ್ಪನ್ನು ಅಳಿಸುವ ಹಾಗಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಖು ಹಾಕಬೇಕು.

ಔಷಧಿಯ ಪೆಟ್ಟಿಗೆಯ ಮೇಲೆ ಇಂಥ ತಿಂಗಳೊಳಗೆ ಬಳಸಿ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ತೀರ್ಮಾನಿಸುವ ವಿಭಾಗ ನಮ್ಮದು. ಆಳೆತ್ತರದ ಎರಡು ಕಪಾಟುಗಳಿದ್ದವು. ಒಂದರೊಳಗೆ ಸಾಧಾರಣ ಹವೆ. ಇನ್ನೊಂದರೊಳಗೆ ನಲವತ್ತು ಡಿಗ್ರಿ ಸೆಕೆ ಮತ್ತು ತೇವ. ಹೊಸ ಔಷಧಿಯನ್ನು ಎರಡರಲ್ಲೂ ಇಟ್ಟು, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಒಂದಿಷ್ಟು ಹೊರತೆಗೆದು ಪರೀಕ್ಷಿಸುತ್ತಿದ್ದೆವು. ಸೆಕೆಯ ಕಪಾಟಿನಲ್ಲಿ ಅದಕ್ಕೆ ಬೇಗ ಮುಪ್ಪು ಬರುತ್ತದೆ. ಹೊರಗೆ ಎರಡು ವರ್ಷಕ್ಕೆ ಆಗುವುದು ಅಲ್ಲಿ ಆರು ತಿಂಗಳಿಗೇ ಆಗುತ್ತದೆ ಎಂಬುದು ಲೆಕ್ಕ. "ಗೋವಾದಾಗ ಈ ಕಪಾಟ ಯಾಕ ಬೇಕ್ರಿ, ಜುಲೈದಾಗ ಹೊರಗ ಕಟ್ಟಿ ಮ್ಯಾಲೆ ಇಟ್ರ ಸಾಕಲ್ಲ" ಎಂದು ನಾನು ತಮಾಷೆ ಮಾಡಿದರೆ, ಅವರು ನಗದೆ, "ಕಟ್ಟಿ ಮ್ಯಾಲಿನ ತೇವಕ್ಕ ದಾಖಲಿ ಇರೂದಿಲ್ರಿ" ಎನ್ನುತ್ತಿದ್ದರು.

ಆ ಕೆಲಸ ಅವರ ಮೈಗೆ ಹತ್ತಿಬಿಟ್ಟಿತ್ತು. ಉಪ್ಪಿನಕಾಯಿ ಕೊಟ್ಟರೆ ಹಾಕಿದ ತಾರೀಖು ಕೇಳುತ್ತಿದ್ದರು. ಹೊಸ ಚಪ್ಪಲಿ ಮೆಟ್ಟಿದರೆ ಒಳಭಾಗದಲ್ಲಿ ಪೆನ್ನಿನಿಂದ ತಿಂಗಳು ಬರೆದಿಡುತ್ತಿದ್ದರು. ನನ್ನ ಮದುವೆಯ ಫೋಟೋ ನೋಡಿ, "ಚಲೋ ಐತಿ, ಎಷ್ಟು ತಿಂಗಳಾತು?" ಅಂದರು. ಹದಿನಾಲ್ಕು ಅಂದೆ. "ಹಂಗಾರ ಇನ್ನೂ ಹೇಳಾಕ ಬರೂದಿಲ್ಲ" ಅಂದರು. ಅದನ್ನು ಮನೆಯಲ್ಲಿ ಹೇಳಿದಾಗ ನನ್ನ ಗಂಡ ಮೂರು ದಿನ ನಕ್ಕ.

ಮರುವರ್ಷ ನಮ್ಮ ಕಾರ್ಖಾನೆಗೆ ಒಂದು ಕ್ಯಾಪ್ಸೂಲು ಬಂತು. ಮುಂಬಯಿಯ ಒಂದು ವ್ಯಾಪಾರದ ಮನೆಯವರದು, ನಾವು ತಯಾರಿಸಿ ಕೊಡಬೇಕಾದದ್ದು. ದ್ರಾಕ್ಷಿಯ ಸಿಪ್ಪೆಯ ಸಾರ, ಇನ್ನೊಂದೆರಡು ಪುಡಿ. ಡಬ್ಬಿಯ ಮೇಲೆ ಬೆಳ್ಳಿಕೂದಲಿನ ಗಂಡಹೆಂಡಿರು ಓಡುತ್ತಿರುವ ಚಿತ್ರ. ಮುಪ್ಪನ್ನು ಮುಂದೂಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವತ್ತು ಊಟದ ಮೇಜಿನಲ್ಲಿ ಎಲ್ಲರಿಗೂ ಅದೇ ಮಾತು. ಯಾರೋ ನಗೆಗೆಂದು, ಈ ಕ್ಯಾಪ್ಸೂಲು ಖರೇ ಆದರೆ ಯಾರ್‍ಯಾರಿಗೆ ಎಷ್ಟು ವರ್ಷ ಬೇಕು ಹೇಳಿ ಅಂದರು. ಅರವತ್ತೈದು ಸಾಕಪ್ಪ, ಎಪ್ಪತ್ತು ಸಾಕಪ್ಪ ಎಂಬ ಉದಾರತೆಯೇ ಉದಾರತೆ. ಅದರ ನಡುವೆ ಇವರು ತೊಂಬತ್ತಾರು ಅಂದರು. ಮೇಜಿಗೆ ಮೇಜೇ ನಕ್ಕಿತು. ನನ್ನ ನಗುವೇ ಎಲ್ಲರಿಗಿಂತ ಜೋರಾಗಿತ್ತು ಅಂತ ನೆನಪು.

"ಇಷ್ಟೊಂದು ಆಸೆ ಏನ್ರಿ ಸರ್‍ರ?" ಅಂದೆ.

"ಆಸೆ ಅಲ್ರಿ, ಗಣಿತ. ನನಗೀಗ ಐವತ್ತೆರಡು. ನನ್ನ ತಮ್ಮಗ ನಲವತ್ನಾಕು. ನಮ್ಮ ಮನಿತನದಾಗ ಗಟ್ಟಿಮುಟ್ಟ ಇದ್ದವರು ಎಂಬತ್ತೆಂಟರ ತನಕ ಇದ್ದು ಹೋಗ್ಯಾರ. ಅವ ಗಟ್ಟಿ ಅದಾನ. ಎಂಬತ್ತೆಂಟಕ್ಕ ಎಂಟು ಕೂಡಸ್ರಿ."

ನನಗೆ ಆಗಲೂ ಅರ್ಥವಾಗಲಿಲ್ಲ. "ತಮ್ಮ ಇರೂ ತನಕ ನೀವು ಯಾಕ ಇರಬೇಕ್ರಿ?" ಎಂದು ಕೇಳಿದೆ. ಅವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಅದು ಮುಗಿದ ಮೇಲೆ, "ಒಮ್ಮಿ ಮನಿಗೆ ಬರ್ರಿ" ಅಂದರು.

ಅವರ ಮನೆ ಉಸಗಾಂವದಲ್ಲಿ, ಗಣಿಯ ಮಣ್ಣು ಹೊತ್ತ ಟಿಪ್ಪರುಗಳು ಹಗಲೆಲ್ಲ ಓಡುವ ರಸ್ತೆಯ ಪಕ್ಕ. ಆ ರಸ್ತೆಯ ಎರಡೂ ಬದಿಯ ಎಲೆ, ಗೋಡೆ, ನಾಯಿ ಎಲ್ಲವೂ ಕೆಂಪು. ಮನೆಯ ಒಡತಿ ಎಂಬತ್ತು ದಾಟಿದ ಗೋವಾದ ಮುದುಕಿ. ಎಲ್ಲರೂ ಆಜಿ ಎನ್ನುತ್ತಿದ್ದರು. ಆಕೆಯದು ಒಂದು ಬಾಗಿಲು, ಇವರದು ಪಕ್ಕದ ಬಾಗಿಲು, ನಡುವೆ ಒಂದೇ ಜಗಲಿ. ಹಿತ್ತಲಿನಲ್ಲಿ ಆಜಿಯ ಗೇರು ಸಸಿಗಳ ನರ್ಸರಿ. ನಾನು ಹೋದಾಗ ಅಗಲ ಬೆನ್ನಿನ, ಕಪ್ಪು ಕೂದಲಿನ ಆಳೊಬ್ಬ ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಒಂದೊಂದು ಚೀಲವೂ ಒಂದೇ ಎತ್ತರ. ಅವನೇ ತಮ್ಮ.

"ಅಕ್ಕ ಬಂದಾಳ" ಅಂತ ಇವರು ಕೂಗಿದರು. ಅವನು ಎದ್ದು ಬಂದು ನನ್ನ ಕೈಗಡಿಯಾರ ಮುಟ್ಟಿ ನೋಡಿ, ನಕ್ಕು, ವಾಪಸು ಹೋಗಿ ಕುಳಿತ. ಅವನಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ. ರಸ್ತೆ ದಾಟಲು ಬರುತ್ತಿರಲಿಲ್ಲ. ಅಣ್ಣ ತಟ್ಟೆ ಮುಂದಿಟ್ಟು ಉಣ್ಣು ಅನ್ನುವ ತನಕ ಹಸಿವೆಯಾಗಿದೆ ಎಂದು ಹೇಳುತ್ತಿರಲಿಲ್ಲ. ತಾಯಿ ಸಾಯುವಾಗ ಅವನ ಕೈಯನ್ನು ಇವರ ಕೈಯಲ್ಲಿಟ್ಟು ಹೋಗಿದ್ದಳಂತೆ. ಇವರು ಮದುವೆಯಾಗಲಿಲ್ಲ. ಅದರ ಬಗ್ಗೆ ನಿಟ್ಟುಸಿರನ್ನೂ ಬಿಡುತ್ತಿರಲಿಲ್ಲ. ಯಾವುದಾದರೂ ಆಶ್ರಮದಲ್ಲಿ ಬಿಡಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, "ಎರಡು ನೋಡಿ ಬಂದೇನ್ರಿ. ಎರಡರಾಗೂ ಮಂದಿ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ರು" ಅಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಆಜಿ ಜಗಲಿಯಿಂದಲೇ ಕೊಂಕಣಿಯಲ್ಲಿ ದನಿ ಹಾಕಿದಳು. ತನಗೆ ಬದುಕಿದ್ದು ಸಾಕಾಗಿದೆಯೆಂದೂ, "ಪುರೊ ಜಾಲೆಂ ಮ್ಹಾಕಾ" ಎಂದೂ ರಾಗ ಎಳೆದಳು. ಇವರು ಕೈಮುಗಿದು, "ನಿಮ್ಮ ಉಳದ ವರ್ಷ ನನಗ ಬರದು ಕೊಡ್ರಿ ಆಜಿ, ಸಹಿ ಮಾಡಿ" ಎಂದು ಕೇಳಿದರು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವರು ಕೇಳಿದ್ದು ನಗೆಗಲ್ಲ ಎಂದು ನನಗೆ ಮಾತ್ರ ಅವತ್ತು ಗೊತ್ತಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಊಟದ ಮೇಜಿನ ನನ್ನ ನಗು ನೆನಪಾಗಿ ನಾಚಿಕೆಯಾಯಿತು. ಅವರಿಗೆ ಬೇಕಾದದ್ದು ತಮ್ಮನಿಗಿಂತ ಒಂದು ದಿನ ಹೆಚ್ಚು, ಅಷ್ಟೇ.

ಕ್ಯಾಪ್ಸೂಲಿನ ಕತೆ ಹೀಗಾಯಿತು. ಮೂರು ತಿಂಗಳಿಗೆ ಸೆಕೆಯ ಕಪಾಟಿನಿಂದ ತೆಗೆದಾಗ ಅದು ಕಂದು ತಿರುಗಿ ಮೆತ್ತಗಾಗಿತ್ತು. ಮುಪ್ಪನ್ನು ಮುಂದೂಡುವ ಮಹಾಶಯನಿಗೆ ತನ್ನ ಮುಪ್ಪನ್ನೇ ತಡೆಯಲು ಆಗಲಿಲ್ಲ ಎಂದು ನಾವು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನಗಲಿಲ್ಲ. ವ್ಯಾಪಾರದವರಿಗೆ ಡಬ್ಬಿಯ ಮೇಲೆ ಮೂರು ವರ್ಷದ ಮುದ್ದತ್ತು ಬೇಕಾಗಿತ್ತು. ಇವರು ಒಂದು ವರ್ಷದ ಮೇಲೆ ಒಂದು ದಿನವನ್ನೂ ಕೊಡುವುದಿಲ್ಲ ಅಂದರು. ಆರು ತಿಂಗಳ ಪರೀಕ್ಷೆಯಾಗಲಿ, ನೋಡೋಣ ಎಂದು ಮ್ಯಾನೇಜರು ಮುಂದೂಡಿದರು.

ಆರು ತಿಂಗಳ ದಿನ ಸಾಧಾರಣ ಹವೆಯ ಕಪಾಟಿನ ಡಬ್ಬಿಗಳನ್ನು ಎಣಿಸುವ ಕೆಲಸ ನನ್ನದು. ರಿಜಿಸ್ಟರಿನಂತೆ ಇಪ್ಪತ್ತೆರಡು ಇರಬೇಕು. ಇಪ್ಪತ್ತಿದ್ದವು. ಮತ್ತೆ ಎಣಿಸಿದೆ. ಮೂರನೆಯ ಸಲವೂ ಇಪ್ಪತ್ತೇ. ಇಡುವಾಗ ಎಣಿಸಿ ಬರೆದವಳು ನಾನೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆರು ತಿಂಗಳ ಹಿಂದಿನ ಪುಟ ತೆರೆದು, ನಾನೇ ತಪ್ಪು ಬರೆದಿದ್ದೆ ಎಂಬಂತೆ ಅಂಕಿಯ ಮೇಲೆ ಗೆರೆ ಎಳೆದು ಎರಡು ಕಡಿಮೆ ಮಾಡಿಬಿಡೋಣ, ಹಳೆಯ ತಾರೀಖನ್ನೇ ಹಾಕೋಣ ಅಂದುಕೊಂಡೆ. ಪೆನ್ನು ಕಾಗದಕ್ಕೆ ಮುಟ್ಟಿತ್ತು.

"ತಿದ್ದಬ್ಯಾಡ್ರಿ" ಅಂದರು ಹಿಂದಿನಿಂದ. "ನೀವು ಬರೆದಿದ್ದು ಬರೋಬ್ಬರಿ ಐತಿ. ಎರಡು ಡಬ್ಬಿ ನಾ ನುಂಗೇನಿ."

ಒಂದು ಹಾಳೆಯ ಮೂಲೆ ಹರಿದರೂ ಕಾರಣ ಬರೆಸುವ ಮನುಷ್ಯ. ತಾನೇ ಪರೀಕ್ಷಿಸಿ, ಕೆಟ್ಟದ್ದೆಂದು ಬರೆದ ಕ್ಯಾಪ್ಸೂಲನ್ನು ತಾನೇ ಕದ್ದು, ದಿನಕ್ಕೊಂದರಂತೆ ಅರವತ್ತು ದಿನ ತಿಂದಿದ್ದರು.

"ಅದರಾಗ ಏನೂ ಇಲ್ಲ ಅಂತ ನೀವ ಹೇಳಿದ್ರಲ್ರಿ?"

"ಏನೂ ಇಲ್ಲ ಅಂದಿಲ್ರಿ. ಹೇಳಿದ್ದರಾಗ ಅರ್ಧ ಅಷ್ಟ ಉಳದೈತಿ ಅಂದಿದ್ದೆ. ಅರ್ಧ ಐತಲ್ಲ, ನನಗ ಒಂದು ಎರಡು ವರ್ಷರ ಸಿಗಬಹುದು ಅಂತ..." ಕನ್ನಡಕ ತೆಗೆದು ಒರೆಸಿದರು. "ಸಕ್ಕರಿ ರೋಗ ಐತ್ರಿ ನನಗ. ಎರಡೂವರಿ ತಿಂಗಳ ಹಿಂದ ಡಾಕ್ಟರು ಕಿಡ್ನಿ ಬಗ್ಗೆ ಹೇಳಿದ್ರು. ಆವಾಗಿಂದ ತಲಿ ಕೆಟ್ಟಿತ್ತು."

ಯಾರಿಗೂ ಹೇಳುವುದು ಬೇಡ, ಒಡೆದುಹೋದವು ಅಂತ ಬರೆಯೋಣ ಎಂದು ನಾನು ಗೋಗರೆದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, ತಮ್ಮ ಮೇಲೆ ತಾವೇ ಲೋಪದ ವರದಿ ಬರೆದರು. ಏನು ತೆಗೆದೆ, ಯಾವ ಯಾವ ದಿನ, ಎಷ್ಟು. ಕಾರಣ ಎಂಬ ಕಡೆ, 'ವೈಯಕ್ತಿಕ ದೌರ್ಬಲ್ಯ' ಎಂದು ಬರೆದು ಸಹಿ ಹಾಕಿದರು. ಮ್ಯಾನೇಜರೂ ಹರಿದುಹಾಕಿ ಅಂದರಂತೆ, ಇವರು ಕೇಳಲಿಲ್ಲ. ಅದೇ ವರದಿ ಹಿಡಿದು ವ್ಯಾಪಾರದವರು, ಈ ಮನುಷ್ಯನ ಪರೀಕ್ಷೆಯನ್ನು ನಂಬುವುದು ಹೇಗೆ ಎಂದು ತಿರುಗಿಬಿದ್ದರು. ಇವರನ್ನು ದಾಖಲೆ ಕೋಣೆಗೆ ಹಾಕಿದರು, ಬಡ್ತಿ ನಿಂತಿತು. ಪರೀಕ್ಷೆಯನ್ನು ಮೊದಲಿನಿಂದ ನನ್ನ ಕೈಲಿ ಮಾಡಿಸಿದರು. ನಾನು ಬಣ್ಣ ಹೇಗಿದೆ, ಅಂಚು ಹೇಗಿದೆ, ವಾಸನೆ ಬರುತ್ತದೋ ಇಲ್ಲವೋ ಎಲ್ಲ ಬರೆದೆ. ಕೊನೆಗೆ ನನ್ನ ಕೈಯಲ್ಲೂ ಒಂದು ವರ್ಷದ ಮೇಲೆ ಒಂದು ದಿನ ಬರಲಿಲ್ಲ. ವ್ಯಾಪಾರದವರು ಡಬ್ಬಿ ಎತ್ತಿಕೊಂಡು ಬೇರೆ ಕಾರ್ಖಾನೆಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ದಾಖಲೆ ಕೋಣೆಯಲ್ಲಿ ಕುಳಿತು ಕೊರಗುತ್ತಿದ್ದರು. ಇವರು ತಿಂಗಳೊಳಗೆ ನನ್ನನ್ನು ಕರೆದು ನಾಲ್ಕು ಹಾಳೆ ಕೈಗಿಟ್ಟರು.

"ನನ್ನ ಆಯುಷ್ಯ ಬೆಳಸಾಕ ಆಗೂದಿಲ್ಲಂತ ಗೊತ್ತಾತ್ರಿ. ಬ್ಯಾರೆ ಕಡೆಯಿಂದ ಹಿಡಿಯೂಣು. ಅವಗ ನಾ ಎಷ್ಟು ವರ್ಷ ಬೇಕೋ ಅದನ್ನ ಕಡಿಮಿ ಮಾಡತೇನಿ."

ಅದು ನಮ್ಮ ಕಾರ್ಖಾನೆಯ ರೀತಿಯಲ್ಲೇ ಬರೆದ ಪ್ರೋಟೋಕಾಲು, ಅಂದರೆ ಪರೀಕ್ಷೆಯ ಯೋಜನೆ, ಪುಟಸಂಖ್ಯೆ ಸಮೇತ. ಉದ್ದೇಶ: ಅಣ್ಣನಿಲ್ಲದೆ ಮಾದರಿಯು ಎಷ್ಟು ಕಾಲ ಸುಸ್ಥಿತಿಯಲ್ಲಿರುತ್ತದೆಂದು ತಿಳಿಯುವುದು. 'ಮಾದರಿಯು' ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ತಮ್ಮನು' ಎಂದು ಬರೆದು, ಸಹಿ ಮಾಡಿ ತಾರೀಖು ಹಾಕಿದ್ದರು. ಕೆಳಗೆ ಅವಧಿಗಳು: ಒಂದು ತಾಸು, ಅರ್ಧ ದಿನ, ಒಂದು ದಿನ, ಮೂರು ದಿನ, ಒಂದು ವಾರ, ಒಂದು ತಿಂಗಳು. ಪ್ರತಿಯೊಂದಕ್ಕೂ ಮೊದಲು ಏನೇನು ಕಲಿಸಬೇಕು ಎಂಬ ಪಟ್ಟಿ. ಕೊನೆಗೆ, ನೋಡುವವರು ಕೈ ಹಾಕಕೂಡದು ಎಂಬ ಷರತ್ತು. ನೋಡುವವರು ಅಂದರೆ ಆಜಿ ಮತ್ತು ನಾನು.

ಒಲೆ ಹಚ್ಚುವುದನ್ನು ಕಲಿಸಲು ನಾಲ್ಕು ತಿಂಗಳು ಹಿಡಿಯಿತು. ರಸ್ತೆ ದಾಟುವುದಕ್ಕೆ ಅದಕ್ಕಿಂತ ಹೆಚ್ಚು. ಮೊದಲು ಕೈ ಹಿಡಿದು, ಆಮೇಲೆ ತೋಳು ಮುಟ್ಟಿ, ಆಮೇಲೆ ಎರಡು ಹೆಜ್ಜೆ ಹಿಂದೆ ನಿಂತು ದಾಟಿಸುತ್ತಿದ್ದರು. ಒಂದು ಟಿಪ್ಪರು ಹೋಗಿ ಅದರ ಧೂಳು ನೆಲಕ್ಕೆ ಕೂರುವ ತನಕ ಕಾಯಬೇಕು ಎಂಬುದು ಅವರು ಕಂಡುಹಿಡಿದ ಉಪಾಯ. ಧೂಳು ಕೂತಿತೆಂದರೆ ಹಿಂದೆ ಇನ್ನೊಂದು ಬಂದಿಲ್ಲ ಎಂದರ್ಥ. ತಮ್ಮನಿಗೆ ದೂರ, ವೇಗ ತಿಳಿಯದಿದ್ದರೂ ಧೂಳು ಕಣ್ಣಿಗೆ ಕಾಣುತ್ತಿತ್ತು.

ಒಂದು ದಿನದ ಪರೀಕ್ಷೆಗೆ ನಾನು ರಜೆ ಹಾಕಿ ಆಜಿಯ ಕಿಟಕಿಯ ಜಾಲರಿಯ ಹಿಂದೆ ಕುಳಿತಿದ್ದೆ. ಇವರು ಬೆಳಿಗ್ಗೆ ಏಳಕ್ಕೆ ಹೊರಟುಹೋದರು. ತಮ್ಮ ಹಿತ್ತಲಿಗೆ ಹೋಗಿ ಚೀಲ ತುಂಬಿದ. ಮಧ್ಯಾಹ್ನ ಬಂದು ಮೆಟ್ಟಿಲ ಮೇಲೆ ಕುಳಿತ. ಅಕ್ಕಿ ಡಬ್ಬಿ ಎಲ್ಲಿದೆ, ಒಲೆ ಎಲ್ಲಿದೆ ಎಲ್ಲ ಅವನಿಗೆ ಗೊತ್ತು. ಏಳಲಿಲ್ಲ. ಎರಡಾಯಿತು, ಮೂರಾಯಿತು. ರಸ್ತೆಯ ಕಡೆ ನೋಡುತ್ತ ಕುಳಿತವನ ಮುಖ ನೋಡುವುದು ನನ್ನಿಂದ ಆಗಲಿಲ್ಲ. ನಾಲ್ಕಕ್ಕೆ ನನ್ನ ಬುತ್ತಿಯನ್ನೇ ಬಿಚ್ಚಿ ಅವನ ಮುಂದಿಟ್ಟೆ. ಗಬಗಬ ತಿಂದ.

ಸಂಜೆ ಇವರು ಬಂದು ವಿಷಯ ತಿಳಿದಾಗ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ನನ್ನ ಆರು ತಿಂಗಳ ನೀರಾಗ ಹಾಕಿದ್ರಿ ಅಕ್ಕಾರ. ಕುಂತರ ಯಾರರ ತಂದು ಕೊಡತಾರ ಅಂತ ಕಲ್ತ ಈಗ."

"ಹಸದಿದ್ದಾರ್‍ರಿ ಅವರು! ನಿಮ್ಮ ತಮ್ಮ ಗುಳಗಿ ಅಲ್ರಿ, ಕಪಾಟಿನ್ಯಾಗ ಇಟ್ಟು ನೋಡಾಕ" ಅಂತ ನಾನೇ ಕೂಗಿದೆ. "ಇಷ್ಟು ಕಲ್ಲ ಮನಸ್ಸು ಹೆಂಗ ಬಂತ್ರಿ ನಿಮಗ?"

"ನಾ ಸತ್ತ ಮ್ಯಾಲ ಮೊದಲನೇ ದಿನಾ ಅವ ಹಿಂಗ ಕುಂಡ್ರತಾನ. ಎರಡನೇ ದಿನಾನೂ ಕುಂಡ್ರತಾನ. ಆವಾಗ ನೀವು ಎಲ್ಲಿರತೀರಿ ಹೇಳ್ರಿ. ನಿಮ್ಮ ಯಜಮಾನರಿಗೆ ವರ್ಗಾ ಆದ್ರ?"

ನನ್ನ ಸಿಟ್ಟು ಇಳಿಯಲಿಲ್ಲ. ಎರಡು ತಿಂಗಳು ಅವರೊಡನೆ ಮಾತು ಬಿಟ್ಟೆ. ಈಗ ಹೇಳುತ್ತೇನೆ, ನಾನು ಅವತ್ತು ಬುತ್ತಿ ಬಿಚ್ಚಿದ್ದು ತಮ್ಮನ ಹಸಿವೆಗೆ ಅಲ್ಲ, ನನ್ನ ಸಂಕಟಕ್ಕೆ. ಅವರು ಅದೇ ಸಂಕಟವನ್ನು ಇಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಹನ್ನೆರಡು ತಾಸು ಕುಳಿತಿದ್ದರು. ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಅರ್ಧ ಫರ್ಲಾಂಗಿನಲ್ಲಿ ಇದ್ದರು ಎಂದು ಆಜಿ ಆಮೇಲೆ ಹೇಳಿದಳು.

ಆ ಪರೀಕ್ಷೆಯನ್ನು ಮತ್ತೆ ಮಾಡಿದರು. ಎರಡನೆಯ ಸಲವೂ ಅವನು ಕುಳಿತೇ ಇದ್ದ. ಮೂರನೆಯ ಸಲ, ಮೂರೂವರೆಗೆ, ಎದ್ದು ಒಳಗೆ ಹೋಗಿ ಒಲೆ ಹಚ್ಚಿದ. ಅನ್ನ ಮುದ್ದೆಯಾಗಿತ್ತು, ಉಪ್ಪಿರಲಿಲ್ಲ. ಇವರು ಮರುದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಪೇಢೆ ಹಂಚಿದರು. ಯಾಕೆಂದು ಕೇಳಿದವರಿಗೆ, "ಮನಿಯಾಗ ಒಂದು ಪರೀಕ್ಷಿ ಪಾಸ್ ಆಗ್ಯಾರ್‍ರಿ" ಅಂದರು. ನನ್ನ ಮೇಜಿಗೆ ಬಂದು, "ತೊಂಬತ್ತಾರು ಹೋತ್ರಿ. ಈಗ ಎಂಬತ್ತೈದು ಸಾಕು" ಎಂದು ಪೇಢೆ ಇಟ್ಟು ಹೋದರು. ಮಾತು ಬಿಟ್ಟಿದ್ದು ಅಲ್ಲಿಗೆ ಮುರಿಯಿತು.

ಮೂರು ದಿನದ ಪರೀಕ್ಷೆಗೆ ಇವರು ಗೋವಾದ ದಕ್ಷಿಣ ತುದಿಯ ಕಾಣಕೋಣಕ್ಕೆ ಹೋಗಿ ಲಾಜಿನಲ್ಲಿ ಉಳಿಯುವುದೆಂದು ನಿಶ್ಚಯವಾಯಿತು. ಇಲ್ಲಿ ತಮ್ಮ ಉಂಡ, ಮಲಗಿದ, ಎದ್ದ, ಚೀಲ ತುಂಬಿದ, ಅಂಗಡಿಗೆ ಹೋಗಿ ಬೆಂಕಿಪೆಟ್ಟಿಗೆಯನ್ನೂ ತಂದ. ಎರಡನೆಯ ದಿನ ಸಂಜೆ ನಾನು ಆಜಿಯ ಜಗಲಿಯಲ್ಲಿ ಕುಳಿತಿದ್ದಾಗ ಬಸ್ಸಿನಿಂದ ಇವರೇ ಇಳಿದುಬಂದರು. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು. ತಮ್ಮ ಹೊರಗೆ ಬಂದು ಅಣ್ಣನನ್ನು ನೋಡಿ, ಬೆರಳು ಮಡಚಿ ಎಣಿಸಿ, "ಇನ್ನೂ ಒಂದು ದಿನಾ ಐತಿ" ಅಂದ. ನನಗೆ ನಗು ತಡೆಯಲಾಗಲಿಲ್ಲ. ಇವರು ಮೆಟ್ಟಿಲ ಮೇಲೆ ಕುಸಿದು ಕುಳಿತು, "ಬರಕೋರಿ ಅಕ್ಕಾರ, ಫೇಲ್ ಆದಾವ ನಾನು" ಅಂದರು.

ಕಲಿಯುವುದು ಅವರಿಗೂ ಇತ್ತು ಅನ್ನಿ. ಅವರೂ ಕಲಿತರು. ಒಂದು ವಾರದ್ದು ಮುಗಿದಾಗ ಎಪ್ಪತ್ತೈದಕ್ಕೆ ಇಳಿಸಿದರು. ಎರಡು ಸಾವಿರದ ಹತ್ತರಲ್ಲಿ ನಿವೃತ್ತಿಯಾದ ಮೇಲೆ ಗದಗದ ಚಿಕ್ಕಪ್ಪನ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದರು. ಆ ತಿಂಗಳಿನಲ್ಲಿ ತಮ್ಮನಿಗೆ ಜ್ವರ ಬಂದು, ತಾನೇ ನಡೆದು ದವಾಖಾನೆಗೆ ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ಕುಳಿತು ಔಷಧಿ ತಂದಿದ್ದ. ಗುಳಿಗೆಯ ಹಿಂದಿನ ತಾರೀಖನ್ನು ಕಾಂಪೌಂಡರನಿಗೆ ತೋರಿಸಿ ಓದಿಸಿಕೊಂಡಿದ್ದನಂತೆ. ಅದನ್ನು ಇವರೇ ನನಗೆ ಹೇಳಿದರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೊಂದೇ ಸಲ.

ಆ ಹೊತ್ತಿಗೆ ಅವರ ಕಿಡ್ನಿಗಳು ಕೈಬಿಡತೊಡಗಿದ್ದವು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಬೇಕಾಯಿತು. ಅದೆಷ್ಟು ಕಷ್ಟವೆಂದು ಅವರು ಹೇಳಲಿಲ್ಲ, ಮುಖವೇ ಹೇಳುತ್ತಿತ್ತು. ಒಂದು ದಿನವನ್ನೂ ತಪ್ಪಿಸಲಿಲ್ಲ. ಎರಡು ಸಾವಿರದ ಹನ್ನೊಂದರ ಮೇ ತಿಂಗಳಿನಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತು, "ಈಗ ಎಷ್ಟಕ್ಕ ಬಂತ್ರಿ ಸರ್‍ರ?" ಎಂದು ಕೇಳಿದೆ.

"ಅರವತ್ತು" ಅಂದರು. ಅವರಿಗೆ ಆಗ ಐವತ್ತೊಂಬತ್ತು. "ಮಳಿಗಾಲದ್ದೊಂದು ಆಗಿಲ್ರಿ. ಬ್ಯಾಸಿಗ್ಯಾಗ, ಚಳ್ಯಾಗ ಎಲ್ಲಾ ನೋಡೇನಿ. ಕರೆಂಟ್ ಹೋಗತೈತಿ, ಹಂಚು ಸೋರತೈತಿ, ಗುಡಗಿದ್ರ ಅವ ಅಂಜತಾನ. ಈ ಒಂದು ಮಳಿಗಾಲ ನನಗ ಬೇಕಾಗಿತ್ತು." ಆಮೇಲೆ, ಡಾಕ್ಟರು ಹೊಸದೊಂದು ಔಷಧಿ ಹೇಳಿದ್ದಾರೆ, ತಗೊಳ್ಳುತ್ತೇನೆ ಅಂದರು. ಯಾವ ಔಷಧಿ ಎಷ್ಟು ಕೊಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ತಗೊಂಡರು. ಮೇ ಮುಗಿಯುವ ಮೊದಲೇ ಹೋದರು.

ಚಿತೆಗೆ ತಮ್ಮನೇ ಬೆಂಕಿ ಇಟ್ಟ. ವಾಪಸು ಬರುವಾಗ ನನ್ನ ಪಕ್ಕ ನಡೆಯುತ್ತ ಮೆಲ್ಲಗೆ ಕೇಳಿದ: "ಅಕ್ಕ, ಅಣ್ಣ ಈ ಸಲ ಎಷ್ಟು ದಿನಕ್ಕ ಹೋಗ್ಯಾನ?"

ಆರು ವರ್ಷ ಪಟ್ಟು ಹಿಡಿದು ಎಲ್ಲವನ್ನೂ ಕಲಿಸಿದವರು ಇದೊಂದನ್ನು ಕಲಿಸಲು ಮರೆತಿದ್ದರು. ಹೋದ ಅಣ್ಣ ಪ್ರತಿ ಸಲವೂ ಬಂದಿದ್ದ. ಬರುವುದಿಲ್ಲಪ್ಪ, ಇನ್ನು ಬರುವುದೇ ಇಲ್ಲ ಎಂದು ಹೇಳಿದೆ. ಅವನು ಅದೇ ಹೆಜ್ಜೆಯಲ್ಲಿ ಮುಂದೆ ನಡೆದ. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ಜೂನಿನಲ್ಲಿ ವಾರಕ್ಕೊಮ್ಮೆ ಹೋಗಿ ನೋಡಿ ಬಂದೆ. ಜುಲೈಯಲ್ಲಿ ನಾಲ್ಕು ದಿನ ಒಂದೇ ಸಮನೆ ಮಳೆ ಹೊಡೆಯಿತು. ಉಸಗಾಂವದ ಕಡೆ ಕಂಬಗಳು ಬಿದ್ದಿವೆ, ಕರೆಂಟಿಲ್ಲ, ಫೋನಿಲ್ಲ ಎಂಬ ಸುದ್ದಿ. ಸಾಕು, ಇನ್ನು ಆ ಪರೀಕ್ಷೆಗಳೆಲ್ಲ ಸಾಕು, ಅವನನ್ನು ನಮ್ಮ ಮನೆಗೇ ಕರೆದುಕೊಂಡು ಬಂದುಬಿಡೋಣ ಎಂದು ನಾನೂ ನನ್ನ ಗಂಡನೂ ನಿರ್ಧರಿಸಿದೆವು. ಭಾನುವಾರ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು, ಸಿಕ್ಕ ಬಸ್ಸು ಹತ್ತಿ, ಕೊನೆಯ ಒಂದು ಮೈಲಿ ಕೆಂಪು ನೀರಿನಲ್ಲಿ ನಡೆದು ಹೋದೆ. ಅವರ ಬಾಗಿಲಿಗೆ ಬೀಗ. ಕೂಗಿದೆ, ಹಿತ್ತಲಿಗೆ ಓಡಿದೆ, ಯಾರೂ ಇಲ್ಲ. ನನಗೆ ಏನೇನೋ ಕೆಟ್ಟ ಯೋಚನೆ ಬಂತು. ಆಗ ಪಕ್ಕದ ಬಾಗಿಲು ತೆರೆಯಿತು. ಲುಂಗಿ ಮೇಲೆ ಕಟ್ಟಿಕೊಂಡು, ಕೈಯಲ್ಲಿ ಬಕೀಟು ಹಿಡಿದು ಅವನು ನಿಂತಿದ್ದ.

"ಆಜಿ ಕ್ವಾಣಿ ಸೋರಾಕತ್ತೈತಿ" ಅಂದ. "ಮಂಚ ಈ ಕಡೆ ಎಳದೇನಿ."

ಒಳಗೆ ಕಂದೀಲು ಉರಿಯುತ್ತಿತ್ತು. ಒಣ ಮೂಲೆಯಲ್ಲಿ ಆಜಿಗೆ ಎರಡು ಕಂಬಳಿ ಹೊದಿಸಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಆಕೆಗೆ ಹಿಂದಿನ ವರ್ಷದಿಂದಲೇ ನೆನಪು ಜಾರುತ್ತ ಬಂದಿತ್ತು, ಒಮ್ಮೊಮ್ಮೆ ಮನುಷ್ಯರ ಗುರುತೂ ಹತ್ತುತ್ತಿರಲಿಲ್ಲ. ನಮ್ಮ ಮನೆಗೆ ಬಾ, ಅಲ್ಲೇ ಇರುವಿಯಂತೆ ಎಂದು ನಾನು ಅವನಿಗೆ ಹೇಳುತ್ತಿರುವಾಗಲೇ ಆಜಿ ಕತ್ತೆತ್ತಿ ಕೊಂಕಣಿಯಲ್ಲಿ ಏನೋ ಕೇಳಿದಳು. ನಿನ್ನ ಅಣ್ಣ ಎಲ್ಲಿ, ಮಳೆಯಲ್ಲಿ ಎಲ್ಲಿಗೆ ಹೋದ ಎಂದು.

"ಡ್ಯೂಟಿಗೆ ಹೋಗ್ಯಾನ ಆಜಿ. ಬರತಾನ. ನೀ ಮಕ್ಕೋ."

ಅಂದರೆ ಇವನು ಇನ್ನೂ ಕಾಯುತ್ತಿದ್ದಾನೆ ಅಂತ ನಾನು ತಿಳಿದೆ. ತೋಳು ಹಿಡಿದು ಬಾಗಿಲ ಹೊರಗೆ ಕರೆತಂದು, ಈ ಸಲ ಬಿಡಿಸಿ ಹೇಳಲೇಬೇಕೆಂದು, "ತಮ್ಮಾ, ಅಣ್ಣ ಸತ್ತಾನೋ. ಬರೂದಿಲ್ಲೋ" ಅಂದೆ.

"ಗೊತ್ತೈತಿ" ಅಂದ. ದನಿ ತಗ್ಗಿಸಿ, ಒಳಗೆ ಕೇಳಿಸದ ಹಾಗೆ. "ಆಜಿಗೆ ಗೊತ್ತಿಲ್ಲ. ಖರೇ ಹೇಳಿದ್ರ ಅಳತಾಳ. ಮರತು ಮತ್ತ ಕೇಳತಾಳ, ಮತ್ತ ಅಳತಾಳ. ಅದಕ್ಕ ಡ್ಯೂಟಿಗೆ ಹೋಗ್ಯಾನ ಅಂತೇನಿ."

ಮೇಲೆ ಗುಡುಗಿತು. ಅವನ ಭುಜ ಬೆಚ್ಚಿಬಿದ್ದದ್ದು ನನಗೆ ಕಾಣಿಸಿತು. ಒಳಗಿನಿಂದ ಆಜಿ ಕೂಗಿದಳು. ಅವನು ನನ್ನ ಕೈಯ ಊಟದ ಡಬ್ಬಿ ಇಸಿದುಕೊಂಡು, "ಬಂದೆ ಆಜಿ, ಅಂಜಬ್ಯಾಡ" ಎನ್ನುತ್ತ ಒಳಗೆ ಹೋದ.